ಸುಗ್ಗಿ ಹಬ್ಬದ ಲೆಕ್ಕ

1843ರ 'ಮಂಗಳೂರ ಸಮಾಚಾರ', ಮೊಗ್ಲಿಂಗ್, ಬಾಸೆಲ್ ಮಿಷನ್: ಡಿಪ್ಲೊಮಾ ಕ್ಲಾಸಿನಲ್ಲಿ ಎಲ್ಲರೂ ಓದಿದ್ದೇ. ಅದೇ ಮಿಷನ್ನಿನವರು ಗದಗ ಸೀಮೆಯಲ್ಲಿ ಕಟ್ಟಿದ ಸಭೆಗಳಲ್ಲೊಂದಕ್ಕೆ ನಾವು ಗಂಡ-ಹೆಂಡತಿ ಸೇರಿದವರು.

ಸುಗ್ಗಿ ಹಬ್ಬದಂದು ಜೋಳದ ತೆನೆ, ಕುಂಬಳಕಾಯಿ, ಕೋಳಿ, ಅವರವರ ಮನೆಯದ್ದು ಚರ್ಚಿಗೆ ಬರುತ್ತದೆ. ಆರಾಧನೆ ಮುಗಿದ ಮೇಲೆ ಹರಾಜು. ಕೊಂಡವರೇ ವಾಪಸ್ ಕೊಟ್ಟು, ಒಂದೇ ಕಾಯಿ ಮೂರು ಸಲ ಹರಾಜಾಗುವುದೂ ಉಂಟು. ಬಂದ ಹಣ ಸಭೆಗೆ.

ಒಂದು ವರ್ಷ ಪತ್ರಿಕೆಯಿಂದ ಐದು ತಿಂಗಳ ಹಣ ಬಂದಿರಲಿಲ್ಲ. ಬರಿಗೈಲಿ ಹೋಗಿದ್ದೆವು, ಹರಾಜು ಶುರುವಾಗುವ ಮುಂಚೆ ಹಿಂದಿನ ಬೆಂಚಿನಿಂದ ಜಾರಿಕೊಳ್ಳುವವರಿದ್ದೆವು. ಸಭೆಯ ಹಿರಿಯರೊಬ್ಬರು ಕರೆದರು: "ಪೇಪರ್‌ನವ್ರ, ಸುಮ್ನ ಯಾಕ ಕುಂತೀರಿ? ಬರಿಯೋ ಕೈ ಐತಿ, ಈ ವಹಿ ಹಿಡೀರಿ."

ಒಬ್ಬರು ಬರೆದೆವು, ಒಬ್ಬರು ಕೂಡಿಸಿದೆವು. ಯಾರೂ ಏನೂ ಕೇಳಲಿಲ್ಲ. ಸಂಜೆ ಹೊರಗೆ ಬಂದರೆ ನಮ್ಮ ಬೈಕಿನ ಮೇಲೊಂದು ಕುಂಬಳಕಾಯಿ. ಕೊಂಡವರ ಹೆಸರು ವಹಿಯಲ್ಲಿ ನಾವೇ ಬರೆದದ್ದು, ಅದೇ ಹಿರಿಯರದು.

ಕನ್ನಡ ಬೈಬಲಿನಲ್ಲಿ ಅನ್ಯೋನ್ಯತೆ ಎಂಬ ಮಾತಿದೆ. ಕೊಡಲು ಏನೂ ಇಲ್ಲದ ದಿನವೂ ನಮಗೊಂದು ಕೆಲಸ ಇಟ್ಟಿರುವ ಜಾಗ ಎಂದು ನಾವು ಅದನ್ನು ಅರ್ಥ ಮಾಡಿಕೊಂಡಿದ್ದೇವೆ. ಆ ವಹಿ ಈಗಲೂ ನಮ್ಮ ಹತ್ತಿರವೇ ಇದೆ. ಪ್ರತಿ ಸುಗ್ಗಿಗೂ ಬರೆಯುತ್ತೇವೆ.