ಕೋಟೆ ಗೋಡೆ ಮೇಲೆ ನಮ್ಮ ಹೆಸರ್ಯಾಕೆ?

ಚಾಮರಾಜಪೇಟೆಯ ನಮ್ಮನೆಗೆ ಬರೋ ಆಫೀಸ್ ಗೆಳೆಯರನ್ನ ನಾನು ಕೆ.ಆರ್. ಮಾರ್ಕೆಟ್ ಪಕ್ಕದ ಬೆಂಗಳೂರು ಕೋಟೆಗೆ ಕರ್ಕೊಂಡು ಹೋಗ್ತೀನಿ. ದೆಹಲಿ ಗೇಟ್ ಕಂಡ ಕೂಡಲೇ ಎಲ್ಲರ ಫೋನೂ ಹೊರಗೆ ಬರುತ್ತೆ. ಫೋಟೊ ತೆಗೀಲಿ, ತಪ್ಪೇನಿಲ್ಲ. ಆದರೆ ಇದು ಜನ ಸತ್ತ ಜಾಗ.

1791ರ ಮಾರ್ಚ್ 21ರ ರಾತ್ರಿ ಕಾರ್ನ್‌ವಾಲಿಸ್‌ನ ಸೈನ್ಯ, ಫಿರಂಗಿಯಿಂದ ಒಡೆದ ಗೋಡೆಯ ಮೂಲಕ ಒಳಗೆ ನುಗ್ಗಿತು. ಕಿಲ್ಲೇದಾರ ಬಹಾದ್ದೂರ್ ಖಾನ್ ಹೋರಾಡುತ್ತಲೇ ಮಡಿದರು. ಗೋಡೆ ಒಡೆದ ಜಾಗದ ಗುರುತಿಗೆ ಒಂದು ಫಲಕವಿದೆ. ಅದರಲ್ಲಿ ಬ್ರಿಟಿಷರ ದಾಳಿಯ ತಾರೀಖಿದೆ, ಸತ್ತವರ ಹೆಸರಿಲ್ಲ. ಆ ಸಿಪಾಯಿಗಳಿಗೆ ಉಳಿದಿರೋ ಗೋಡೆಯೇ ವೀರಗಲ್ಲು.

ಇಂಥ ಕಲ್ಲಿನ ಮೇಲೆ ಕೀಲಿಯಿಂದ ಹೃದಯ ಗೀಚಿ ಹೆಸರು ಬರೆಯೋರಿಗೆ ಏನನ್ನೋಣ? ಸಂರಕ್ಷಿತ ಸ್ಮಾರಕ ಹಾಳು ಮಾಡಿದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಕಾನೂನು ಹಾಗಿರಲಿ. ಕೋಡ್ ಕೆಟ್ಟರೆ ಹಳೇ ವರ್ಷನ್‌ಗೆ ವಾಪಸ್ ಹೋಗಬಹುದು. ಕಲ್ಲಿಗೆ ಆ ಅನುಕೂಲ ಇಲ್ಲ.

ಗೆಳೆಯರಿಗೆ ನಾನು ಹೇಳೋದು ಇಷ್ಟೇ: ಗೋಡೆ ಹತ್ತಬೇಡಿ, ದನಿ ತಗ್ಗಿಸಿ, ಮೊದಲು ಫಲಕ ಓದಿ, ಆಮೇಲೆ ಫೋಟೊ. ಪ್ರಾಣ ಕೊಟ್ಟವರ ಹೆಸರೇ ಇಲ್ಲದ ಕಡೆ ನಮ್ಮ ಹೆಸರ್ಯಾಕೆ ಹೇಳಿ?