ಇಷ್ಟವಿಲ್ಲದವರ ಸಾವಿರ ಮೆಟ್ಟಿಲು

ಮೈಸೂರಿನಲ್ಲಿ ಬೆಳಕು ಇನ್ನೂ ಸರಿಯಾಗಿ ಹರಿದಿರುವುದಿಲ್ಲ. ಚಾಮುಂಡಿ ಬೆಟ್ಟದ ಪಾದದಲ್ಲಿ ಆಗಲೇ ಸ್ಕೂಟರುಗಳು ಸಾಲುಗಟ್ಟಿ ನಿಂತಿರುತ್ತವೆ. ಮಂಜಿನಲ್ಲಿ ಮುಂದಿನ ಹತ್ತಿಪ್ಪತ್ತು ಮೆಟ್ಟಿಲು ಮಾತ್ರ ಕಾಣುತ್ತದೆ. ಉಳಿದದ್ದು ಕಾಣದಿರುವುದೇ ಒಳ್ಳೆಯದು ಎನ್ನುವವರೂ ಆ ಗುಂಪಿನಲ್ಲಿರುತ್ತಾರೆ.

ಇಲ್ಲಿಗೆ ಬರುವವರಲ್ಲಿ ಮೂರು ಬಗೆ. ಚಡ್ಡಿ, ಬೂಟು ತೊಟ್ಟು ಒಂದೇ ಉಸಿರಿಗೆ ಓಡುವ ಹುಡುಗರು ಮೊದಲನೆಯವರು. ತಟ್ಟೆಯಲ್ಲಿ ಅರಿಶಿನ, ಕುಂಕುಮ ಹಿಡಿದು ಮೆಟ್ಟಿಲು ಮೆಟ್ಟಿಲಿಗೂ ಬಾಗುತ್ತಾ ಏರುವ ಹೆಂಗಸರು ಎರಡನೆಯವರು. ಮೂರನೆಯವರನ್ನು ಮುಖ ನೋಡಿದರೇ ಗುರುತಿಸಬಹುದು. ಇಂಜೆಕ್ಷನ್ ಚುಚ್ಚಿಸಿಕೊಳ್ಳಲು ಬಂದ ಮಗುವಿನಂತೆ ಅವರು ಒಮ್ಮೆ ಮೇಲೆ ನೋಡುತ್ತಾರೆ, ಒಮ್ಮೆ ತಾವು ಬಂದ ದಾರಿ ನೋಡುತ್ತಾರೆ. ಡಾಕ್ಟರು ಹೇಳಿದ್ದಾರೆ, ಹೆಂಡತಿ ಎಬ್ಬಿಸಿದ್ದಾರೆ, ಕಾಲು ಮಾತ್ರ ಒಪ್ಪಿಲ್ಲ! ಮೈದಣಿಸುವುದೆಂದರೆ ಹುಟ್ಟಿದಾರಭ್ಯ ಆಗದ ಇಂಥವರು ಈ ಬೆಟ್ಟವನ್ನು ಹೇಗೆ ಹತ್ತುತ್ತಾರೆ? ಒಂದು ದಿನವಲ್ಲ, ವರ್ಷಗಟ್ಟಲೆ ಹೇಗೆ ಹತ್ತುತ್ತಾರೆ?

ಹರಕೆಯ ದಾರಿ

ಸಮುದ್ರಮಟ್ಟದಿಂದ ಸುಮಾರು 3,489 ಅಡಿ ಎತ್ತರದ ಈ ಬೆಟ್ಟ ಮೈಸೂರಿನ ನೆಲದಿಂದ ಅಂದಾಜು ಸಾವಿರ ಅಡಿ ಮೇಲೆದ್ದು ನಿಂತಿದೆ. 1659ರಿಂದ 1673ರವರೆಗೆ ಆಳಿದ ದೊಡ್ಡದೇವರಾಜ ಒಡೆಯರ ಕಾಲದಲ್ಲಿ ಮೆಟ್ಟಿಲುಗಳಾದವು. ದಾರಿಯಲ್ಲಿ ಕುಳಿತಿರುವ ನಂದಿಯೂ ಆ ಕಾಲದ್ದೇ. ಊರಿನವರ ಬಾಯಲ್ಲಿ ಇದು ‘ಸಾವಿರ ಮೆಟ್ಟಿಲು’. ಎಣಿಸಿದವರು ಮಾತ್ರ ಒಬ್ಬೊಬ್ಬರೂ ಒಂದೊಂದು ಲೆಕ್ಕ ಒಪ್ಪಿಸುತ್ತಾರೆ. ಆರಂಭದ ಇನ್ನೂರು ಮುನ್ನೂರು ಮೆಟ್ಟಿಲು ಕಡಿದಾಗಿದ್ದು, ಹೊಸಬರ ಸೊಕ್ಕನ್ನು ಅಲ್ಲೇ ಇಳಿಸಿಬಿಡುತ್ತವೆ. ಮೇಲೇರಿದಂತೆ ದಾರಿ ಸೌಮ್ಯವಾಗುತ್ತದೆ.

ಕಲ್ಲು ಹಾಸಿಸಿದವರಿಗೆ ವ್ಯಾಯಾಮದ ಯೋಚನೆ ಇರಲಿಲ್ಲ. ತಾಯಿಯ ದರ್ಶನಕ್ಕೆ ಹೋಗುವವರಿಗೆ ದಾರಿಯಾಗಲಿ ಎಂದಷ್ಟೇ ಇತ್ತು. ಇಂದಿಗೂ ಆಷಾಢ ಶುಕ್ರವಾರಗಳಂದು ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಒಂದೊಂದು ಮೆಟ್ಟಿಲಿಗೂ ಅರಿಶಿನ, ಕುಂಕುಮ ಹಚ್ಚುವ ಹರಕೆ ಹೊತ್ತ ಹೆಂಗಸು ಮೇಲೆ ತಲುಪುವ ಹೊತ್ತಿಗೆ ಸಾವಿರ ಸಲ ಸೊಂಟ ಬಾಗಿಸಿರುತ್ತಾಳೆ. ಇದು ಒಳ್ಳೆಯ ವ್ಯಾಯಾಮವಲ್ಲವೇ ಎಂದು ಯಾರಾದರೂ ಕೇಳಿದರೆ ಆಕೆ ನಕ್ಕು ಮುಂದಿನ ಮೆಟ್ಟಿಲಿಗೆ ಹೋಗುತ್ತಾಳೆ.

ಹರಕೆಯ ಗುಟ್ಟು ಇಲ್ಲೇ ಇದೆ. ಹೊರುವಾಗ ಒಮ್ಮೆ ಮನಸ್ಸು ಗಟ್ಟಿ ಮಾಡಿಕೊಂಡರಾಯಿತು. ಆಮೇಲೆ ದಿನ ಗೊತ್ತು, ಲೆಕ್ಕ ಗೊತ್ತು, ನೋಡುವವಳು ಒಬ್ಬಳು ಮೇಲಿದ್ದಾಳೆ. ‘ಇವತ್ತು ಹೋಗಲೋ ಬೇಡವೋ’ ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ಸೋಮಾರಿಗಳ ಶಕ್ತಿಯೆಲ್ಲ ಸೋರಿಹೋಗುವುದು ಹಾಸಿಗೆಯ ಮೇಲಿನ ಈ ಪ್ರಶ್ನೆಯಲ್ಲಿ ತಾನೆ?

ಗುಮಾಸ್ತರು ಮತ್ತು ಕಂಡಕ್ಟರು

ಮೂರನೆಯ ಬಗೆಯವರಲ್ಲಿ ಬ್ಯಾಂಕಿನ ನಿವೃತ್ತ ಗುಮಾಸ್ತರೊಬ್ಬರಿದ್ದಾರೆ. ಶಾಲೆಯ ಡ್ರಿಲ್ ಪೀರಿಯಡ್ಡಿನಲ್ಲಿ ಹೊಟ್ಟೆನೋವಿನ ನೆಪ ಹೇಳಿ ಮರದ ಕೆಳಗೆ ಕೂತವರು, ಮುಂದೆ ಮೂವತ್ತೈದು ವರ್ಷ ಕುರ್ಚಿಯಲ್ಲಿ ಕೂತರು. ಐವತ್ತಾರಕ್ಕೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತು. ಅವರಿಗೆ ಈ ಕಾಯಿಲೆ ಹೊಸದಲ್ಲ. ಅದೇ ಕಾಯಿಲೆಯಿಂದ ಅಣ್ಣನ ಎಡಗಾಲಿನ ಎರಡು ಬೆರಳು ತೆಗೆಸಬೇಕಾಗಿ ಬಂದಾಗ ಆಸ್ಪತ್ರೆಯ ಬೆಂಚಿನ ಮೇಲೆ ರಾತ್ರಿಯಿಡೀ ಕುಳಿತಿದ್ದವರು ಇವರೇ. ಆ ರಾತ್ರಿಯ ಹೆದರಿಕೆಗೆ ಮರುವಾರವೇ ಮನೆಗೆ ವ್ಯಾಯಾಮದ ಸೈಕಲ್ ಬಂತು. ತಿಂಗಳೊಳಗೆ ಅದರ ಮೇಲೆ ಟವೆಲ್ ಒಣಗತೊಡಗಿತು! ಪಾರ್ಕಿನಲ್ಲಿ ಸುತ್ತು ಹಾಕಿದರು. ಎಷ್ಟು ಸುತ್ತಿದರೂ ಹೊರಟಲ್ಲಿಗೇ ಬರುವ ಆ ನಡಿಗೆ ಗಾಣದೆತ್ತಿನದಾಯಿತು. ಮಗ ಕೈಗೆ ಹೆಜ್ಜೆ ಎಣಿಸುವ ಗಡಿಯಾರ ಕಟ್ಟಿದ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂದು ಅದು ಹಟ ಹಿಡಿಯಿತು. ಈ ಹತ್ತು ಸಾವಿರದ ಲೆಕ್ಕ ಪ್ರಚಾರಕ್ಕೆ ಬಂದದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕಿಟ್ಟ ಹೆಜ್ಜೆ ಎಣಿಸುವ ಯಂತ್ರವೊಂದರ ಹೆಸರಿನಿಂದ. ಯಾವ ವೈದ್ಯರ ಚೀಟಿಯಿಂದಲೂ ಅಲ್ಲ. ಇದು ತಿಳಿದ ದಿನ ಗುಮಾಸ್ತರು ಗಡಿಯಾರವನ್ನು ಬಿಚ್ಚಿ ಬೀರುವಿನಲ್ಲಿಟ್ಟರು.

ಹೆದರಿಕೆ ಮನುಷ್ಯನನ್ನು ಹೊರಡಿಸಬಲ್ಲದು, ದಿನವೂ ನಡೆಸಲಾರದು.

ಬೆಟ್ಟಕ್ಕೆ ಬಂದ ಮೊದಲ ದಿನ ತೊಂಬತ್ತನೆಯ ಮೆಟ್ಟಿಲಿಗೆ ಅವರು ಕೂತುಬಿಟ್ಟರು. ಪಕ್ಕದಲ್ಲಿ ಬಂದು ಕೂತವರು ಸಿಟಿ ಬಸ್ಸಿನ ನಿವೃತ್ತ ಕಂಡಕ್ಟರು.

‘ಯಾಕ್ ಸಾರ್ ಅಷ್ಟು ಅರ್ಜೆಂಟು? ಇದೇನು ಎಕ್ಸ್‌ಪ್ರೆಸ್ ಬಸ್ಸೇ? ಶಟಲ್ ಅಂದ್ಕೊಳ್ಳಿ. ನೂರು ಮೆಟ್ಟಿಲಿಗೊಂದು ಸ್ಟಾಪು. ಮಾತಾಡ್ಕೊಂಡು ಹತ್ತೋಕಾಗಬೇಕು. ಮಾತು ನಿಂತ್ರೆ ಕಾಲೂ ನಿಲ್ಲಿಸಬೇಕು.’

ಕಂಡಕ್ಟರು ಅನುಭವದಿಂದ ಆಡಿದ ಮಾತನ್ನೇ ವೈದ್ಯರೂ ಹೇಳುತ್ತಾರೆ. ಮಾತಾಡಲು ಆಗುವಷ್ಟು, ಹಾಡಲು ಆಗದಷ್ಟು ಏದುಸಿರು ಇದ್ದರೆ ಅದು ಮಧ್ಯಮ ಶ್ರಮ. ಅದನ್ನು ಮೀರಿದರೆ ಹಿತ ಹೋಗಿ ಹಿಂಸೆ ಶುರುವಾಗುತ್ತದೆ. ‘ನನಗೆ ವ್ಯಾಯಾಮ ಆಗದು’ ಎನ್ನುವವರಲ್ಲಿ ಅನೇಕರು ಮೊದಲ ದಿನವೇ ಈ ಗೆರೆ ದಾಟಿ ಸುಸ್ತಾದವರು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ. ಅಷ್ಟಾಗದಿದ್ದರೆ ಆದಷ್ಟು ಮಾಡಿ, ಏನೂ ಇಲ್ಲದ್ದಕ್ಕಿಂತ ಅದು ಮೇಲು ಎಂದೂ ಅದೇ ಸಲಹೆಯಲ್ಲಿದೆ. ದುಡಿಯುವ ಸ್ನಾಯು ರಕ್ತದಲ್ಲಿರುವ ಸಕ್ಕರೆಯನ್ನು ತಾನೇ ಎಳೆದುಕೊಳ್ಳುತ್ತದೆ. ಹತ್ತುವವನು ಇಷ್ಟಪಟ್ಟು ಹತ್ತಿದನೋ, ಗೊಣಗುತ್ತಾ ಹತ್ತಿದನೋ ಎಂದು ಅದು ವಿಚಾರಿಸುವುದಿಲ್ಲ.

ಕಂಡಕ್ಟರುಗಳಿಗೂ ಮೆಟ್ಟಿಲುಗಳಿಗೂ ಹಳೆಯ ನಂಟಿದೆ. ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ಡ್ರೈವರು ದಿನವಿಡೀ ಕೂತಿರುತ್ತಿದ್ದ. ಕಂಡಕ್ಟರು ಟಿಕೆಟ್ಟಿಗಾಗಿ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿಳಿಯುತ್ತಿದ್ದ. ಇಬ್ಬರ ಹೃದಯಗಳನ್ನು ಹೋಲಿಸಿದ ವೈದ್ಯ ಜೆರೆಮಿ ಮಾರಿಸ್, ಕಂಡಕ್ಟರುಗಳಲ್ಲಿ ಹೃದಯಾಘಾತ ಕಡಿಮೆ ಎಂದು 1953ರಲ್ಲಿ ಪ್ರಕಟಿಸಿದರು. ಡ್ರೈವರುಗಳ ಸಮವಸ್ತ್ರದ ಅಳತೆಯನ್ನೂ ತೆಗೆಸಿ ನೋಡಿ, ಅವರ ಸೊಂಟವೇ ದಪ್ಪವೆಂಬುದನ್ನು ಆಮೇಲೆ ತಾವೇ ತೋರಿಸಿ, ಲೆಕ್ಕ ಅಷ್ಟು ಸರಳವಲ್ಲ ಎಂದೂ ಒಪ್ಪಿಕೊಂಡರು. ಆದರೂ ಒಂದು ಮಾತು ಉಳಿಯಿತು. ಆ ಕಂಡಕ್ಟರುಗಳಲ್ಲಿ ಯಾರೂ ವ್ಯಾಯಾಮಕ್ಕೆಂದು ಮೆಟ್ಟಿಲು ಹತ್ತಿದವರಲ್ಲ. ಮೇಲೆ ಕೂತವನಿಗೆ ಟಿಕೆಟ್ ಹರಿಯಬೇಕಿತ್ತು, ಅಷ್ಟೆ.

ಗುಮಾಸ್ತರು ಇದನ್ನು ಓದಿ ಹೇಳಿದಾಗ ಮೈಸೂರಿನ ಕಂಡಕ್ಟರು ಬೇಸರಪಟ್ಟುಕೊಂಡರು: ‘ನಮಗೆ ಒಂದೇ ಅಂತಸ್ತಿನ ಬಸ್ಸು ಕೊಟ್ರಲ್ಲ ಸಾರ್!’

ನಂದಿಯವರೆಗೆ ಒಂದು ಕಥೆ

ಸುಮಾರು ಏಳುನೂರು ಮೆಟ್ಟಿಲು ಏರಿದರೆ ನಂದಿ. ಒಂದೇ ಬಂಡೆಯಲ್ಲಿ ಕಡೆದ ಈ ಬಸವ ಸುಮಾರು 15 ಅಡಿ ಎತ್ತರ, 24 ಅಡಿ ಉದ್ದ. ಕೊರಳ ಸುತ್ತ ಗಂಟೆಗಳ ಸರ, ಎಣ್ಣೆ ಕುಡಿದು ಕಪ್ಪಾದ ಮೈ, ಆತುರವೆಂಬುದನ್ನೇ ಅರಿಯದ ಕಣ್ಣು. ಮುನ್ನೂರೈವತ್ತು ವರ್ಷಗಳಿಂದ ಕೂತೇ ಇರುವ ಈತ ವ್ಯಾಯಾಮ ದ್ವೇಷಿಗಳ ಕುಲದೈವ ಎಂದು ಗುಮಾಸ್ತರು ತಮಾಷೆ ಮಾಡುತ್ತಾರೆ. ಹತ್ತುವ ದಾರಿಯಲ್ಲಿ ಹಿಂತಿರುಗಿ ನೋಡಿದರೆ ಕುದುರೆ ರೇಸಿನ ಬಯಲು, ಅರಮನೆಯ ಗೋಪುರಗಳು, ಲಲಿತಮಹಲಿನ ಬಿಳಿಯ ಗುಮ್ಮಟ ಒಂದೊಂದಾಗಿ ಮಂಜಿನಿಂದ ಹೊರಬರುತ್ತವೆ. ನಿಂತು ನೋಡುವವನು ದಮ್ಮು ತೆಗೆದುಕೊಳ್ಳುತ್ತಿದ್ದಾನೆಂದು ಯಾರಿಗೂ ಗೊತ್ತಾಗುವುದಿಲ್ಲ!

ಗುಮಾಸ್ತರನ್ನು ಇಲ್ಲಿಯವರೆಗೆ ತಂದದ್ದು ಕಂಡಕ್ಟರ ಕಥೆಗಳು. ಚಿಲ್ಲರೆಗಾಗಿ ಮಾರಾಮಾರಿ, ಕೊನೆಯ ಟ್ರಿಪ್ಪಿನಲ್ಲಿ ಇಳಿಯಲೊಪ್ಪದ ಅಜ್ಜಿ, ಸೀಟಿನ ಕೆಳಗೆ ಸಿಕ್ಕ ಒಡವೆಯ ಗಂಟು. ಮೂವತ್ತು ವರ್ಷದ ಸರಕು. ಆದರೆ ಒಂದು ಕರಾರು: ಕಥೆ ಹತ್ತುವಾಗ ಮಾತ್ರ. ನಂದಿ ಬಂದೊಡನೆ, ಗಂಟು ಬಿಚ್ಚುವ ಮೊದಲೇ, ಕಂಡಕ್ಟರು ‘ಮಿಕ್ಕಿದ್ದು ನಾಳೆ’ ಎನ್ನುತ್ತಿದ್ದರು. ಆ ‘ನಾಳೆ’ಗಾಗಿ ಗುಮಾಸ್ತರು ಅಲಾರಂ ಇಟ್ಟು ಮಲಗತೊಡಗಿದರು. ಮೂರು ತಿಂಗಳಾಗುವಷ್ಟರಲ್ಲಿ ತೊಂಬತ್ತು ಮೆಟ್ಟಿಲು ಏಳುನೂರಾಗಿತ್ತು.

ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಇದೇ ಉಪಾಯವನ್ನು ಪ್ರಯೋಗ ಮಾಡಿ 2014ರಲ್ಲಿ ಪ್ರಕಟಿಸಿದ್ದಾರೆ. ಕುತೂಹಲ ಕೆರಳಿಸುವ ಕಾದಂಬರಿಗಳ ಧ್ವನಿಮುದ್ರಣವನ್ನು ವ್ಯಾಯಾಮಶಾಲೆಯಲ್ಲಷ್ಟೇ ಕೇಳಬೇಕೆಂಬ ನಿಯಮ. ಜನ ಹೆಚ್ಚು ಸಲ ಬಂದರು. ಆದರೆ ನವೆಂಬರಿನ ಹಬ್ಬದ ರಜೆ ಮುಗಿದ ಮೇಲೆ ಆ ಉತ್ಸಾಹ ಇಳಿದುಹೋಯಿತು.

ಮಳೆಗಾಲದ ಪಾಠ

ಇಲ್ಲೂ ಹಾಗೇ ಆಯಿತು. ಒಂದು ವರ್ಷ ಮಳೆ ಹಿಡಿಯಿತು, ಕಲ್ಲು ಜಾರತೊಡಗಿತು. ಅಷ್ಟರಲ್ಲಿ ಬೆಂಗಳೂರಿನಲ್ಲಿ ಮೊಮ್ಮಗಳ ನಾಮಕರಣ ಬಂತು. ಎರಡು ವಾರದ ಬಿಡುವು ನಾಲ್ಕು ತಿಂಗಳಾಯಿತು. ರಕ್ತಪರೀಕ್ಷೆಯ ಚೀಟಿ ನೋಡಿದ ಡಾಕ್ಟರು ಬೈಯಲಿಲ್ಲ, ಸುಮ್ಮನೆ ಇನ್ನೊಂದು ಮಾತ್ರೆ ಬರೆದರು. ಆ ಮೌನ ಗುಮಾಸ್ತರಿಗೆ ಅಣ್ಣನ ಆಸ್ಪತ್ರೆಯ ಬೆಂಚನ್ನು ನೆನಪಿಗೆ ತಂದಿತು. ಆದರೂ ಬೆಟ್ಟದ ಕಡೆ ಹೋಗಲು ಇನ್ನೆರಡು ವಾರ ಹಿಡಿಯಿತು. ಬಿಟ್ಟುಹೋದವನು ಮತ್ತೆ ಮುಖ ತೋರಿಸುವುದು ಹೇಗೆ? ಸಾವಿರ ಮೆಟ್ಟಿಲಿಗಿಂತ ಈ ನಾಚಿಕೆಯೇ ಭಾರ. ಅನೇಕರ ವ್ಯಾಯಾಮ ನಿಂತುಹೋಗುವುದು ದಣಿವಿನಿಂದಲ್ಲ, ಇದರಿಂದ.

ಒಂದು ಬೆಳಿಗ್ಗೆ ಅಂತೂ ಬಂದರು. ಕಂಡಕ್ಟರು ಪಾದದ ಬಳಿಯ ಟೀ ಅಂಗಡಿಯ ಮುಂದೆ ಕೂತಿದ್ದರು. ಈ ನಾಲ್ಕು ತಿಂಗಳಲ್ಲಿ ಅವರ ಮಂಡಿ ಸವೆದಿತ್ತು. ಹತ್ತಬಹುದು, ಇಳಿಯುವಾಗ ಪ್ರಾಣ ಹೋಗುತ್ತದೆ; ಇಳಿಯುವ ಹೆಜ್ಜೆಯಲ್ಲಿ ಮೈಭಾರವೆಲ್ಲ ಮಂಡಿಯ ಮೇಲೆ. ಆದರೂ ದಿನಾ ಆರು ಗಂಟೆಗೆ ಬಂದು ಕೂರುತ್ತಿದ್ದರಂತೆ.

‘ಎಲ್ಲಿ ಹೋಗಿದ್ರಿ’ ಎಂದು ಅವರು ಕೇಳಲಿಲ್ಲ. ‘ಬನ್ನಿ ಸಾರ್. ಇವತ್ತು ತೊಂಬತ್ತು ಮೆಟ್ಟಿಲು ಹತ್ತಿ ಬನ್ನಿ, ಸಾಕು. ನಾನಿಲ್ಲಿರ್ತೀನಿ’ ಎಂದರು.

‘ಮತ್ತೆ ಕಥೆ ಯಾರು ಹೇಳ್ತಾರ್ರೀ, ಕಂಡಕ್ಟ್ರೇ?’

‘ಇನ್ಮೇಲೆ ನೀವು ತನ್ನಿ. ಮೇಲೆ ಏನ್ ಕಂಡ್ರಿ ಅಂತ ದಿನಾ ಒಂದು ಹೇಳ್ಬೇಕು. ಅದೇ ನಿಮ್ಮ ಟಿಕೆಟ್ಟು.’

ಹೋಗುವವರಿಗೆ

ಬೆಟ್ಟ ಹತ್ತಬೇಕೆನ್ನುವ ಹೊಸಬರಿಗೆ ಮುಂಜಾನೆಯೇ ಸರಿಯಾದ ಹೊತ್ತು. ಒಂದು ಬಾಟಲಿ ನೀರಿರಲಿ. ತಿಂಡಿಯ ಪೊಟ್ಟಣ ಕಣ್ಣಿಗೆ ಬಿದ್ದರೆ ಕೋತಿಗಳು ಬಿಡುವುದಿಲ್ಲ. ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ಹೊರಡಬೇಕು. ನಂದಿಯವರೆಗೆ ರಸ್ತೆಯೂ ಇದೆ; ಅಲ್ಲಿಗೇ ಸಾಕೆನ್ನಿಸಿದರೆ ಅವಮಾನವೇನಿಲ್ಲ. ಉಳಿದ ಮುನ್ನೂರು ಮೆಟ್ಟಿಲು ಏರಿದರೆ ಮುಮ್ಮಡಿ ಕೃಷ್ಣರಾಜ ಒಡೆಯರು 1827ರಲ್ಲಿ ಕಟ್ಟಿಸಿದ ಏಳಂತಸ್ತಿನ ಗೋಪುರ, ಒಂದು ಕೈಲಿ ಕತ್ತಿ ಇನ್ನೊಂದರಲ್ಲಿ ಹಾವು ಹಿಡಿದ ಮಹಿಷಾಸುರ, ಅಮ್ಮನ ಗುಡಿಗಿಂತ ಹಳೆಯದಾದ ಮಹಾಬಲೇಶ್ವರನ ಸನ್ನಿಧಿ. ಮಂಡಿ ನೋವಿನವರು ಹತ್ತಿಹೋಗಿ, ಸಿಟಿ ಬಸ್ಸಿನಲ್ಲಿ ಇಳಿದು ಬರಬಹುದು.

ಗುಮಾಸ್ತರು ಈಗ ವಾರಕ್ಕೆ ಐದು ದಿನ ನಂದಿಯವರೆಗೆ ಹೋಗುತ್ತಾರೆ. ಹೆಚ್ಚುವರಿ ಮಾತ್ರೆ ಇನ್ನೂ ನಿಂತಿಲ್ಲ, ಆದರೆ ಇನ್ನೊಂದು ಸೇರಿಲ್ಲ. ರಾತ್ರಿ ಮಲಗುವ ಮುನ್ನ ಅಂಗಾಲುಗಳನ್ನು ಕನ್ನಡಿಯಲ್ಲಿ ನೋಡಿಕೊಳ್ಳುವುದನ್ನು ಮರೆಯುವುದಿಲ್ಲ. ಕೆಳಗೆ ಕಾದಿರುವವರಿಗೆ ದಿನಕ್ಕೊಂದು ಸುದ್ದಿ ಒಯ್ಯುತ್ತಾರೆ. ಬಂಡೆಯ ಮೇಲೆ ನವಿಲೊಂದು ಕೂತಿತ್ತು. ಎಣಿಸುತ್ತಾ ಬಂದ ಹುಡುಗನೊಬ್ಬ ಲೆಕ್ಕ ತಪ್ಪಿ ಅಳುತ್ತಿದ್ದ. ಹರಕೆಯ ಹೆಂಗಸೊಬ್ಬಳ ಕುಂಕುಮ ನಡುದಾರಿಯಲ್ಲೇ ಮುಗಿದಾಗ, ಗುರುತಿಲ್ಲದ ಇನ್ನೊಬ್ಬಳು ತನ್ನ ತಟ್ಟೆಯಿಂದ ಅರ್ಧ ಸುರಿದಳು.

ಇಷ್ಟಾಗಿಯೂ ಬೆಟ್ಟ ಹತ್ತುವುದು ಅವರಿಗೆ ಇಷ್ಟವಾಗಿದೆಯೇ? ಕಂಡಕ್ಟರು ಮೊನ್ನೆ ಟೀ ಲೋಟ ಮುಂದಿಡುತ್ತಾ ಇದನ್ನೇ ಕೇಳಿದರು. ಗುಮಾಸ್ತರು ಬೆವರೊರೆಸಿಕೊಂಡು, ಸಕ್ಕರೆಯಿಲ್ಲದ ಟೀ ಗುಟುಕರಿಸಿ ಹೇಳಿದರು:

‘ಇಲ್ಲ ಕಣ್ರೀ. ಒಂದು ದಿನಾನೂ ಇಷ್ಟ ಆಗ್ಲಿಲ್ಲ. ನಾಳೆ ಆರಕ್ಕೆ ಬರ್ತೀನಿ.’