ಗುಡ್ಡ ಸಣ್ಣದು, ಬಿಸಿಲು ದೊಡ್ಡದು

ಚಾರಣ ಅಂದ ಕೂಡಲೇ ನಮ್ಮ ಆಫೀಸಿನ ಗೆಳೆಯರ ಬಾಯಿಂದ ಬರೋ ಹೆಸರುಗಳು ಕುಮಾರ ಪರ್ವತ, ಕುದುರೆಮುಖ, ಮುಳ್ಳಯ್ಯನಗಿರಿ. ನಾನು ಕಲಬುರಗಿಯವನು ಅಂದರೆ, "ನಿಮ್ಮ ಕಡೆ ಗುಡ್ಡ ಎಲ್ಲಿದೆ? ಬರೀ ಬಿಸಿಲು, ತೊಗರಿ ಹೊಲ" ಅಂತ ನಗುತ್ತಾರೆ. ಅವರಿಗೆ ಚಿಂಚೋಳಿ ಕಾಡು ಗೊತ್ತಿಲ್ಲ. ಬೇಜಾರಿನ ಸಂಗತಿ ಅಂದರೆ ಕಲಬುರಗಿಯಲ್ಲೇ ಇರುವ ಎಷ್ಟೋ ಜನರಿಗೂ ಗೊತ್ತಿಲ್ಲ.

ಕಲಬುರಗಿಯಿಂದ ಸುಮಾರು 85 ಕಿ.ಮೀ. ದೂರದಲ್ಲಿ, ತೆಲಂಗಾಣ ಗಡಿಗೆ ಹತ್ತಿಕೊಂಡಂತೆ ಈ ಕಾಡಿದೆ. 2011ರಲ್ಲಿ ಇದನ್ನು ವನ್ಯಜೀವಿ ಧಾಮ ಅಂತ ಘೋಷಿಸಿದರು. ವಿಸ್ತೀರ್ಣ ಸುಮಾರು 134 ಚದರ ಕಿ.ಮೀ. ಮಲೆನಾಡಿನ ಹಾಗೆ ವರ್ಷವಿಡೀ ಹಸಿರಾಗಿರುವ ಕಾಡಲ್ಲ, ಬೇಸಿಗೆಯಲ್ಲಿ ಎಲೆ ಉದುರಿಸಿ ನಿಲ್ಲುವ ಒಣ ಕಾಡು. ಕೆಂಪು ಮುರ್‌ಕಲ್ಲಿನ ತಗ್ಗು ಗುಡ್ಡಗಳು, ನಡುವೆ ಚಂದ್ರಂಪಳ್ಳಿ ಜಲಾಶಯ, ಅಂಚಿನಲ್ಲಿ ಲಂಬಾಣಿ ತಾಂಡಾಗಳು. ತೋಳ, ಕತ್ತೆಕಿರುಬ, ನರಿ, ಕೃಷ್ಣಮೃಗ ಇಲ್ಲಿವೆ. ಮಳೆಗಾಲದಲ್ಲಿ ಎತ್ತಿಪೋತ ಜಲಪಾತ ಧುಮ್ಮಿಕ್ಕುತ್ತದೆ. ಜುಲೈನಿಂದ ನವೆಂಬರ್‌ ತನಕ ನೋಡಲು ಒಳ್ಳೆ ಕಾಲ.

ಗುಡ್ಡ ಎತ್ತರವಿಲ್ಲ ಅನ್ನೋದೇ ಇಲ್ಲಿನ ಅಪಾಯ. ಎತ್ತರದ ಬೆಟ್ಟಕ್ಕೆ ಹೋಗುವಾಗ ಜನ ತಯಾರಿ ಮಾಡ್ಕೊಂಡು ಹೋಗ್ತಾರೆ. ನಮ್ಮ ಗುಡ್ಡಕ್ಕೆ ಚಪ್ಪಲಿ ಹಾಕ್ಕೊಂಡು, ಒಂದು ಲೀಟರ್ ಬಾಟಲಿ ಹಿಡ್ಕೊಂಡು, ಹತ್ತು ಗಂಟೆಗೆ ಮನೆ ಬಿಟ್ಟು ಹೋಗ್ತಾರೆ. ಇಲ್ಲಿ ಕಷ್ಟ ಕೊಡೋದು ಏರು ಅಲ್ಲ, ಬಿಸಿಲು ಮತ್ತು ಹೊತ್ತು.

ಹೋದ ಸೆಪ್ಟೆಂಬರ್‌ನಲ್ಲಿ ನಾನು, ಅಕ್ಕನ ಇಬ್ಬರು ಮಕ್ಕಳು ಬೆಳಗಿನ ಐದಕ್ಕೇ ಕಲಬುರಗಿ ಬಿಟ್ಟೆವು. ಹುಮನಾಬಾದ್ ರಸ್ತೆಯಲ್ಲಿ ಕಮಲಾಪುರಕ್ಕೆ ಹೋಗಿ, ಊರಲ್ಲಿರುವ ಅಪ್ಪನನ್ನೂ ಕರೆದುಕೊಂಡೆವು. ಅಪ್ಪನಿಗೆ 63 ವರ್ಷ, ದಿನಾ ಬಿಪಿ ಮಾತ್ರೆ. ಬುತ್ತಿಗೆ ರೊಟ್ಟಿ, ಶೇಂಗಾ ಹಿಂಡಿ, ಜೊತೆಗೆ ಕಮಲಾಪುರದ ಕೆಂಬಾಳೆ. ಭೌಗೋಳಿಕ ಸೂಚಿಕೆ ಪಡೆದ ಹಣ್ಣು ಅನ್ನೋ ಹೆಮ್ಮೆ ಇದ್ದೇ ಇದೆ. ಒಂದು ತಿಂದರೆ ಹೊಟ್ಟೆ ತುಂಬುತ್ತದೆ, ಚೀಲದಲ್ಲಿ ಅಷ್ಟು ಬೇಗ ಜಜ್ಜಿಹೋಗೋದೂ ಇಲ್ಲ.

ಹೊರಡುವ ಮೊದಲೇ ಒಂದು ಮಾತು ಮಾಡಿಕೊಂಡಿದ್ದೆವು: ಎಲ್ಲೇ ಇರಲಿ, ಹತ್ತೂವರೆಗೆ ವಾಪಸ್ ತಿರುಗೋದು. ಹತ್ತೂವರೆ ಆದಾಗ ನೀರು ಬೀಳುವ ಸದ್ದು ಕಿವಿಗೆ ಬೀಳುತ್ತಿತ್ತು. ಮಕ್ಕಳು ಹಟ ಹಿಡಿದರು. "ನಡೀರಿ, ಇನ್ನ ಕಾಲು ತಾಸಿನ ದಾರಿ ಇರಬೇಕು" ಅಂತ ಅಪ್ಪನೂ ಅಂದ. ಆದರೆ ಅಷ್ಟೊತ್ತಿನ ತನಕ ದಾರಿಗುಂಟ ಪ್ರತಿ ಗಿಡದ ಹೆಸರು ಹೇಳುತ್ತಿದ್ದ ಮನುಷ್ಯ ಹತ್ತು ನಿಮಿಷದಿಂದ ಸುಮ್ಮನಾಗಿದ್ದ. ಮುಖ ಕೆಂಪಾಗಿತ್ತು. ನಾನು ವಾದ ಮಾಡಲಿಲ್ಲ, ನೆರಳಿನಲ್ಲಿ ಕೂಡಿಸಿ ಓಆರ್‌ಎಸ್ ನೀರು ಕುಡಿಸಿದೆ. ಅರ್ಧ ತಾಸಿನ ನಂತರ ನಿಧಾನಕ್ಕೆ ಇಳಿದೆವು. ಜಲಪಾತ ನೋಡಲಿಲ್ಲ. ಜಲಾಶಯದ ದಂಡೆಯಲ್ಲಿ ರೊಟ್ಟಿ ಬಿಚ್ಚುವ ಹೊತ್ತಿಗೆ ಅಪ್ಪ ಮತ್ತೆ ಮಾತಿಗೆ ಶುರು ಮಾಡಿದ್ದ. ನನಗೆ ಆ ದಿನ ಬೇಕಾಗಿದ್ದು ಅದೇ.

ಹಾಗಾಗಿ ಹಿರಿಯರನ್ನು, ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಒಂದಿಷ್ಟು ಮಾತು.

ಮೊದಲು ಚಿಂಚೋಳಿಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ. ಇದು ವನ್ಯಜೀವಿ ಧಾಮ, ಅನುಮತಿ ಇಲ್ಲದೆ ಒಳಗೆ ತಿರುಗಾಡುವಂತಿಲ್ಲ. ತಾಂಡಾದ ಯಾರಾದರೂ ದಾರಿ ತೋರಿಸಲು ಬಂದರೆ ಇನ್ನೂ ಚಲೋ. ಹಳ್ಳ ದಾಟಬೇಡ ಅಂತ ಅವರು ಅಂದರೆ ದಾಟಬೇಡಿ. ಇಲ್ಲಿ ಬಿಸಿಲಿದ್ದರೂ ಮೇಲೆ ಎಲ್ಲೋ ಮಳೆಯಾಗಿ ನೀರು ಒಮ್ಮೆಲೇ ಏರಬಹುದು. ಪಾಚಿ ಕಟ್ಟಿದ ಕಲ್ಲಿನ ಮೇಲೆ ಸೆಲ್ಫಿ ಬೇಡವೇ ಬೇಡ.

ತಲೆಗೆ ಒಬ್ಬರಿಗೆ ಮೂರು ಲೀಟರ್ ನೀರು ಇರಲಿ. ಬಾಯಾರಿಕೆ ಆಗುವ ತನಕ ಕಾಯದೆ ಆಗಾಗ ಸ್ವಲ್ಪ ಸ್ವಲ್ಪ ಕುಡಿಯಿರಿ. ಬೆವರಿನಲ್ಲಿ ಉಪ್ಪೂ ಹೋಗುತ್ತದೆ, ಅದಕ್ಕೇ ಓಆರ್‌ಎಸ್. ಕೆಲವು ಬಿಪಿ ಮಾತ್ರೆಗಳು ಮೈಯ ನೀರನ್ನು ಹೊರಹಾಕುತ್ತವೆ. ಅಂಥವರು ಎಷ್ಟು ನೀರು, ಎಷ್ಟು ಉಪ್ಪು ಅಂತ ವೈದ್ಯರನ್ನು ಮೊದಲೇ ಕೇಳಿಕೊಳ್ಳಬೇಕು. ತಲೆ ಸುತ್ತು, ವಾಕರಿಕೆ ಬಂದರೆ ಅಲ್ಲಿಗೇ ನಿಲ್ಲಿಸಿ. ಮಾತು ತೊದಲಿದರೆ, ಗೊಂದಲವಾದರೆ ಅದು ಬಿಸಿಲಾಘಾತ ಇರಬಹುದು. ನೆರಳಿಗೆ ತಂದು, ಮೈಗೆ ನೀರು ಹಾಕಿ ಗಾಳಿ ಬೀಸಿ, 108ಕ್ಕೆ ಕರೆ ಮಾಡಿ. ಕಾಡಿನೊಳಗೆ ಎಲ್ಲಾ ಕಡೆ ನೆಟ್‌ವರ್ಕ್ ಸಿಗೋದಿಲ್ಲ. ನಕ್ಷೆಯನ್ನು ಮೊದಲೇ ಫೋನಿನಲ್ಲಿ ಇಳಿಸಿಕೊಳ್ಳಿ, ಎಷ್ಟೊತ್ತಿಗೆ ವಾಪಸ್ ಬರ್ತೀವಿ ಅಂತ ಮನೆಯಲ್ಲಿ ಹೇಳಿ ಹೋಗಿ.

ಹಾವಿಗೆ ಹೆದರಿ ಮನೆಯಲ್ಲಿ ಕೂರಬೇಕಾಗಿಲ್ಲ. ಪಾದ ಮುಚ್ಚುವ ಬೂಟು, ಉದ್ದ ಪ್ಯಾಂಟು ಹಾಕಿ. ಹುಲ್ಲಿನಲ್ಲಿ ಕೋಲು ಆಡಿಸುತ್ತಾ ನಡೆಯಿರಿ, ಕಲ್ಲಿನ ಸಂದಿಗೆ ಕೈ ಹಾಕಬೇಡಿ. ಕಚ್ಚಿದರೆ ಬಿಗಿಯಾಗಿ ಕಟ್ಟೋದು, ಕೊಯ್ಯೋದು, ಬಾಯಿಂದ ಹೀರೋದು ಯಾವುದೂ ಬೇಡ. ಕಚ್ಚಿದ ಕಾಲನ್ನು ಅಲುಗಾಡಿಸದೆ, ಆ ವ್ಯಕ್ತಿಯನ್ನು ನಡೆಸದೆ ಆಸ್ಪತ್ರೆಗೆ ಒಯ್ಯಿರಿ. ಮಂತ್ರ ಹಾಕಿಸುವುದರಲ್ಲಿ ಹೊತ್ತು ಕಳೆಯಬೇಡಿ. ಜೇನುಗೂಡಿನ ಹತ್ತಿರ ಗದ್ದಲ, ಹೊಗೆ, ಘಾಟು ಸೆಂಟು ಬೇಡ. ಗುಡುಗು ಕೇಳಿಸಿದರೆ ಬೋಳು ನೆತ್ತಿಯಿಂದ ಇಳಿಯಿರಿ, ಒಂಟಿ ಮರದ ಕೆಳಗೆ ನಿಲ್ಲಬೇಡಿ.

ಇಷ್ಟೆಲ್ಲಾ ನೋಡ್ಕೊಂಡರೆ ಉಳಿದದ್ದು ಬರೀ ಖುಷಿ. ಮಕ್ಕಳ ಕೈಯಿಂದ ಮೊಬೈಲ್ ತಗೊಂಡು ದುರ್ಬೀನು ಕೊಡಿ, ನವಿಲಿನ ಕೂಗು ಯಾವ ದಿಕ್ಕಿಂದ ಬಂತು ಅಂತ ಕೇಳಿ. ಪ್ಲಾಸ್ಟಿಕ್ ಅಷ್ಟೇ ಅಲ್ಲ, ಬಾಳೆ ಸಿಪ್ಪೆಯನ್ನೂ ಚೀಲದಲ್ಲೇ ವಾಪಸ್ ತನ್ನಿ. ಮಂಗಗಳಿಗೆ ಅದರ ರುಚಿ ಹತ್ತಿತೆಂದರೆ ಮುಂದೆ ಬರುವವರ ಚೀಲಕ್ಕೇ ಕೈ ಹಾಕುತ್ತವೆ.

ಈ ಸಲ ಮಳೆಗಾಲದ ರವಿವಾರವೊಂದನ್ನು ಚಿಂಚೋಳಿಗೆ ಇಟ್ಟುಕೊಳ್ಳಿ. ಬೆಳಕು ಹರಿಯುವ ಮೊದಲೇ ಹೊರಡಿ. ವಾಪಸ್ ತಿರುಗುವ ಹೊತ್ತು ಎಷ್ಟು ಅಂತ ಮನೆ ಬಿಡುವ ಮುಂಚೆಯೇ ಎಲ್ಲರೂ ಕೂತು ತೀರ್ಮಾನ ಮಾಡಿ. ಗುಡ್ಡದ ಮೇಲೆ ಹೋದ ಮೇಲೆ ಆ ತೀರ್ಮಾನ ಮಾಡೋದು ಕಷ್ಟ.